ಮೂರನೆಯ ಸಾಲು

ತಪ್ಪಿಲ್ಲದ ಒಂದು ಕ್ಯಾಸೆಟ್ ಮಾಡಬೇಕೆಂಬ ಹುಚ್ಚು ನನಗೆ ಹಿಡಿದದ್ದು ಬೇರೆಯವರು ಮಾಡಿದ ಕ್ಯಾಸೆಟ್ಟುಗಳನ್ನು ಮಾರಿ ಮಾರಿ ಬೇಸತ್ತ ಮೇಲೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ. ಹತ್ತು ವರ್ಷ ಅಲ್ಲಿ ಕೂತು ಕಂಡುಕೊಂಡದ್ದು ಇಷ್ಟು: ಕಂಪನಿಯವರು ಎರಡು ಗಟ್ಟಿ ಕಾಳಿಗೆ ಎಂಟು ಜೊಳ್ಳು ಬೆರೆಸುತ್ತಾರೆ. ಎ ಸೈಡಿನ ಮೊದಲ ಹಾಡು ಚೆನ್ನಾಗಿರುತ್ತದೆ, ಏಕೆಂದರೆ ಗಿರಾಕಿ ಅಂಗಡಿಯಲ್ಲಿ ನಿಂತು ಕೇಳುವುದು ಅದೊಂದನ್ನೇ. ಬಿ ಸೈಡಿಗೆ ಬರುವಷ್ಟರಲ್ಲಿ ಹಾಡುವವರಿಗೂ ನಿದ್ದೆ, ಬಾರಿಸುವವರಿಗೂ ನಿದ್ದೆ.

ನನ್ನ ಕ್ಯಾಸೆಟ್ ಹಾಗಿರಬಾರದಿತ್ತು. ಅರವತ್ತು ನಿಮಿಷ. ಮೊದಲ ಪದ ಕೇಳಿದವನು ಕೂತುಬಿಡಬೇಕು. ಎ ಸೈಡಿನ ಕೊನೆಯ ಪದ ಮುಗಿದಾಗ ಅವನಾಗಿಯೇ ಎದ್ದು ಕ್ಯಾಸೆಟ್ ತಿರುವಿ ಹಾಕಬೇಕು. ಎಲೆಯ ಮೇಲೆ ಬಡಿಸುವುದಕ್ಕೆ ಒಂದು ಕ್ರಮ ಇರುವ ಹಾಗೆ ಪದಗಳಿಗೂ ಒಂದು ಕ್ರಮ ಇರಬೇಕು. ಯಾವುದನ್ನು ತೆಗೆದರೂ ಊಟ ಕೆಡಬೇಕು. ಒಂದು ಕೆಮ್ಮು ಇರಬಾರದು, ಒಂದು ಅಪಸ್ವರ ಇರಬಾರದು, ಯಾವ ಸಾಲೂ ತಾಳಕ್ಕೆ ಮೊದಲೂ ಬರಬಾರದು, ತಡವಾಗಿಯೂ ಬರಬಾರದು. ನನ್ನ ಅಜ್ಜ ಪುರಾಣ ಹೇಳುತ್ತಿದ್ದವರು. ಅವರಿಂದ ನನಗೆ ಬಂದ ಆಸ್ತಿ ಅಂದರೆ ಇನ್ನೊಬ್ಬರ ಉಚ್ಚಾರದಲ್ಲಿ ತಪ್ಪು ಹಿಡಿಯುವ ಕಿವಿ ಒಂದೇ. ರಘೋತ್ತಮ ಮೊಸರಿನಲ್ಲಿ ಕಲ್ಲು ಹುಡುಕುವವ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಕಲ್ಲು ಇದ್ದರೆ ಹುಡುಕಬೇಡವೇ ಎಂದು ನಾನು ಕೇಳುತ್ತಿದ್ದೆ.

ತೊಂಬತ್ತೇಳರ ಬೇಸಿಗೆಯಲ್ಲಿ ಸಂಗೊಳ್ಳಿಯ ಒಂದು ಮದುವೆಗೆ ಮೈಕ್ ಕಟ್ಟಲು ಹೋಗಿದ್ದೆ. ಅಲ್ಲಿ ಅರಿಷಿಣ ಬೀಸಲು ಕೂತಿದ್ದ ಇಬ್ಬರು ಹೆಂಗಸರ ಹಾಡು ಕಿವಿಗೆ ಬಿತ್ತು. ಕೈಯಲ್ಲಿದ್ದ ವೈರು ಕೈಯಲ್ಲೇ ಉಳಿಯಿತು.

ಅವರು ಕಾಡವ್ವ ಮತ್ತು ಶಟ್ಟೆವ್ವ. ಅಣ್ಣತಮ್ಮಂದಿರ ಹೆಂಡಿರು, ಅಂದರೆ ನೆಗೆಣ್ಣಿಯರು. ಒಂದೇ ದಿನ, ಒಂದೇ ಹಂದರದಲ್ಲಿ ಮದುವೆಯಾಗಿ ಒಂದೇ ಮನೆಗೆ ಬಂದವರು. ಗಂಡಂದಿರು ಮುಂದೆ ಬೇರೆಯಾದರು. ಹೊಲ ಎರಡಾಯಿತು, ಮನೆಯ ನಡುವೆ ಗೋಡೆ ಎದ್ದಿತು. ಬೀಸುವ ಕಲ್ಲನ್ನು ಮಾತ್ರ ಇಬ್ಬರೂ ಪಾಲು ಮಾಡಗೊಡಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಮೂವತ್ತೈದು ವರ್ಷದಿಂದ ಎದುರಾಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಒಂದೇ ಗೂಟ ಹಿಡಿದು ಬೀಸುತ್ತ ಬಂದಿದ್ದರು. ಪ್ರತಿ ಪದಕ್ಕೂ ಮೂರು ಸಾಲು. ಮೊದಲೆರಡು ಕಾಡವ್ವನವು, ಮೂರನೆಯದು ಶಟ್ಟೆವ್ವನದು.

ಕಾಡವ್ವನ ದನಿಯನ್ನು ಏನೆಂದು ಹೇಳಲಿ? ಯಾರೂ ಕಲಿಸಿರಲಿಲ್ಲ. ಆದರೂ ಹಾರ್ಮೋನಿಯಂ ಮುಂದಿಟ್ಟರೆ ಕಾಳಿ ದೋನಿಗೆ, ಅಂದರೆ ಎರಡನೆಯ ಕರಿಮನೆಯ ಸ್ವರಕ್ಕೆ, ಸರಿಯಾಗಿ ಕೂಡುತ್ತಿತ್ತು, ಒಂದು ಎಳೆಯೂ ಆಚೀಚೆ ಆಗುತ್ತಿರಲಿಲ್ಲ. ನನ್ನ ಕ್ಯಾಸೆಟ್ ಸಿಕ್ಕಿತು ಅಂದುಕೊಂಡೆ.

ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಕೌದಿ ಬಡಿದು ರೆಕಾರ್ಡಿಂಗ್ ಕೋಣೆ ಮಾಡಿದ್ದೆ. ಮೊದಲ ದಿನ ಇಬ್ಬರೂ ಬಂದು ಕೂತರು. ಮೈಕ್ ಇಟ್ಟು ಹಾಡಿ ಅಂದರೆ ಬಾಯಿಂದ ಪದ ಹೊರಡದು.

"ಕೈ ಸುಮ್ನ ಕುಂತ್ರ ಬಾಯಿ ಹೆಂಗ ಬರತತ್ರಿ ರಾಯರ," ಎಂದಳು ಶಟ್ಟೆವ್ವ.

ಕೊನೆಗೆ ಒಳಗಿನಿಂದ ಲಟ್ಟಣಿಗೆ ತಂದು ಕೊಟ್ಟೆ. ಅದನ್ನು ನಡುವೆ ನಿಲ್ಲಿಸಿ ಇಬ್ಬರೂ ಹಿಡಿದುಕೊಂಡು, ಇಲ್ಲದ ಕಲ್ಲನ್ನು ತಿರುಗಿಸುತ್ತ, ಸಂಜೆಯವರೆಗೆ ಹಾಡಿದರು. ನನ್ನ ತಂಗಿ ಪದ್ಮಜಾ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವರೂ ನಕ್ಕರು. ನಲವತ್ತೆರಡು ಪದಗಳಾದವು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕಾಡವ್ವನ ಎರಡು ಸಾಲು ಬಂಗಾರ. ಆಮೇಲೆ ಶಟ್ಟೆವ್ವ. ಹಿಟ್ಟಿನ ಧೂಳು ಕುಡಿದ ಗಂಟಲು, ಮುಂದಿನ ಎರಡು ಹಲ್ಲಿಲ್ಲದ ಬಾಯಿ. ಪ್ರತಿ ಸಾಲಿಗೂ ಮುಂಚೆ ಒಂದು ಏದುಸಿರು. ಸ್ವರ ಇಳಿದಿರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ತಡವಾಗಿರುತ್ತಿತ್ತು. ಒಂದು ಸಾಲು ಎರಡು ಸಾಲು ಅಲ್ಲ, ನಲವತ್ತೆರಡಕ್ಕೆ ನಲವತ್ತೆರಡೂ ತಡ.

ಮರುದಿನ ಸಂಗೊಳ್ಳಿಗೆ ಹೋಗಿ, ಒಂದೇ ಮೈಕಿನಲ್ಲಿ ಎರಡು ದನಿ ಹಿಡಿಯುತ್ತಿಲ್ಲ, ಇನ್ನು ಮುಂದೆ ಕಾಡವ್ವ ಒಬ್ಬಳೇ ಬರಲಿ ಎಂದು ಹೇಳಿದೆ. ಸುಳ್ಳು ಹೇಳುವಾಗ ನಾನು ಬಹಳ ಮರ್ಯಾದೆಯಿಂದ ಮಾತಾಡುತ್ತೇನೆ.

"ಆತು ಬಿಡ್ರಿ. ಆಕಿ ಹಾಡ್ಲಿ. ನಾ ಎರಡೂ ಮನಿ ಎಮ್ಮಿ ನೋಡ್ಕೊಂಡಿರತೇನಿ," ಎಂದಳು ಶಟ್ಟೆವ್ವ.

ಮೂರನೆಯ ದಿನ ಕಾಡವ್ವನ ಎದುರು ಪದ್ಮಜಾಳನ್ನು ಕೂರಿಸಿದೆ. ಪದ್ಮಜಾ ಧಾರವಾಡದಲ್ಲಿ ಸಂಗೀತ ಕಲಿತವಳು, ಒಳ್ಳೆಯ ದನಿ, ತಾಳ ತಪ್ಪುವ ಪ್ರಶ್ನೆಯೇ ಇಲ್ಲ. ಅವಳನ್ನು ನೋಡಿದೊಡನೆ ಕಾಡವ್ವನ ಮುಖ ಗಂಟಿಕ್ಕಿತು. ಕ್ಯಾಸೆಟ್ಟಿನ ಹೊದಿಕೆಯ ಚೀಟಿ ಅಚ್ಚಿಗೆ ಹೋಗಿದೆ, ಇನ್ನು ಬಿಟ್ಟರೆ ನನ್ನ ಮಾನ ಹೋಗುತ್ತದೆ ಎಂದು ಗೋಗರೆದೆ. ಅವಳು ತಲೆ ತಗ್ಗಿಸಿ ಶುರು ಮಾಡಿದಳು.

ಹಗೇದ ಜ್ವಾಳ ತಗದು ಮೊರದಾಗ ಹಸನ ಮಾಡಿ
ಮುಗಿಲಿನ ಮಾರಿ ಬಿಳುಪಾತ, ನೆಗೆಣ್ಣಿ

ಅಲ್ಲಿಗೆ ನಿಂತಳು.

"ಮೂರನೇ ಸಾಲು ನಮ್ಮ ಪದ್ಮಜಾಗ ಒಮ್ಮೆ ಹೇಳಿಕೊಡ್ರಿ," ಎಂದೆ.

"ನನಗ ಬರೂದಿಲ್ರಿ."

"ಮೂವತ್ತೈದು ವರ್ಷ ಹಾಡೀರಿ."

"ಅದು ಆಕೀದ್ರಿ. ನಾ ಎಂದೂ ಅಂದಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೆಪ ಹೇಳುತ್ತಿದ್ದಾಳೆ ಎಂದುಕೊಂಡೆ. ಒಂದೊಂದಾಗಿ ಹತ್ತು ಪದ ಕೇಳಿದೆ. ಅರ್ಥ ಗೊತ್ತಿತ್ತು, ಸಾಲು ಬಾಯಿಗೆ ಬರಲಿಲ್ಲ. ಆಗ ತಿಳಿಯಿತು, ಈ ಪದಗಳು ಯಾರೊಬ್ಬರ ಬಳಿಯೂ ಇಡಿಯಾಗಿ ಇಲ್ಲ ಎಂದು. ಮೊದಲ ದಿನದ ಟೇಪಿನಿಂದ ಸಾಲು ಹಿಡಿಯೋಣವೆಂದರೆ ಹಲ್ಲಿಲ್ಲದ ಆ ಬಾಯಿಂದ ಬಂದ ಅಕ್ಷರಗಳು ಅರ್ಧಕ್ಕರ್ಧ ಬಿಡಿಸಲಾಗಲಿಲ್ಲ. ನೀವೇ ಶಟ್ಟೆವ್ವನ ಹತ್ತಿರ ಕೇಳಿ ಬನ್ನಿ ಎಂದರೆ ಕಾಡವ್ವ, "ಯಾವ ಮಾರಿ ಇಟ್ಕೊಂಡು ಕೇಳ್ಲಿ?" ಎಂದು ಎದ್ದುಹೋದಳು.

ಹಿಡಿದದ್ದು ಬಿಡದ ಜಾತಿ ನನ್ನದು. ಹಾಳೆ, ಪೆನ್ನು ಹಿಡಿದು, ಪದ್ಮಜಾಳನ್ನೂ ಕರೆದುಕೊಂಡು ಸಂಗೊಳ್ಳಿಗೆ ಹೋದೆ. ಶಟ್ಟೆವ್ವ ಕಲ್ಲಿನ ಮುಂದೆ ಜೋಳದ ಮೊರ ಇಟ್ಟುಕೊಂಡು ಕೂತಳು. ಪದ್ಮಜಾ ಕಾಡವ್ವನ ಜಾಗದಲ್ಲಿ ಕೂತು, ಗೂಟಕ್ಕೆ ಕೈ ಹಚ್ಚಿ, ಬರೆದುಕೊಂಡಿದ್ದ ಎರಡೆರಡು ಸಾಲು ಹಾಡಿದಳು. ಶಟ್ಟೆವ್ವ ಮೂರನೆಯದನ್ನು ಹೇಳುತ್ತ ಹೋದಳು. ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿ ನಾನು ಬರೆದುಕೊಂಡೆ.

ಬೊಗಸಿ ಕಾಳ್ಹಾಕ ಬೆಳಗಾತ.

ಬರೆಯುತ್ತಲೇ ನೋಡಿದೆ. ಎರಡು ಸಾಲು ಮುಗಿದೊಡನೆ ಅವಳು ಗೂಟದಿಂದ ಒಂದು ಕೈ ಬಿಡುತ್ತಿದ್ದಳು, ಮೊರದಿಂದ ಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕುತ್ತಿದ್ದಳು. ಕಾಳು ಬಿದ್ದಾಗ ಕಲ್ಲು ಭಾರವಾಗುತ್ತಿತ್ತು. ಅದನ್ನು ಎಳೆಯಲು ಒಂದು ಉಸಿರು ಬೇಕು. ಆ ಉಸಿರಿನ ಮೇಲೆ ಮೂರನೆಯ ಸಾಲು ಬರುತ್ತಿತ್ತು. ಅವಳು ತಡ ಮಾಡುತ್ತಿರಲಿಲ್ಲ, ಕಲ್ಲಿಗೆ ಕಾಳು ಹಾಕುತ್ತಿದ್ದಳು. ನನ್ನ ಕೋಣೆಯಲ್ಲಿ ಲಟ್ಟಣಿಗೆ ತಿರುಗಿಸಿದಾಗಲೂ ಅವಳ ಕೈ ಆ ಕೆಲಸ ಮಾಡಿಯೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ನನಗೆ ಅಂದೇ ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಿಡಲಿಲ್ಲ. ಇದನ್ನು ಹೇಳದೆ ಹೋದರೆ ಈ ಕತೆ ಹೇಳಿ ಪ್ರಯೋಜನವಿಲ್ಲ.

ನಲವತ್ತೆರಡೂ ಮುಗಿದ ಮೇಲೆ ಅವಳು ಕೈಯ ಹಿಟ್ಟು ಕೊಡವಿಕೊಂಡು ಪದ್ಮಜಾಳನ್ನು ನೋಡಿದಳು.

"ಒಂದ ಮೈಕ್ನಾಗ ಈ ತಂಗೀದು ಹಿಡೀತತಿ ಅನ್ರಿ," ಎಂದಳು.

ನಾನು ಹಾಳೆ ಮಡಚುತ್ತ ಕೂತೆ.

"ಅವತ್ತ ಹಾಡಿದ್ದು ನನ್ನ ದನಿ ಹೆಂಗ ಬಂದೈತ್ರಿ ರಾಯರ?"

"ಟೇಪು ಕೆಟ್ಟದ, ಶಟ್ಟೆವ್ವಾರ. ಏನೂ ಬಂದಿಲ್ಲ."

ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ, ಆಚೆ ಮನೆಯಲ್ಲಿದ್ದ ಕಾಡವ್ವನಿಗೆ ಕೇಳುವ ಹಾಗೆ ಕೂಗಿ ಹೇಳಿದಳು.

"ಕಾಡಕ್ಕಾ, ಹೋಗಿ ಹಾಡು. ಸಿಟ್ಟ ಮಾಡಬ್ಯಾಡ. ನಾವಿಬ್ಬರೂ ಹೋದಮ್ಯಾಲ ಪದ ಆದ್ರೂ ಉಳೀಲಿ."

ಮರುದಿನ ಕಾಡವ್ವ ಬಂದಳು. ನಾಲ್ಕು ದಿನ ಹಾಡಿದಳು. ಪದ್ಮಜಾ ತಾಳಕ್ಕೆ ಸರಿಯಾಗಿ ಮೂರನೆಯ ಸಾಲು ಎತ್ತುತ್ತಿದ್ದಳು. ಅವಳದು ಮುಗಿದ ಮೇಲೂ ಕಾಡವ್ವ ಮುಂದಿನ ಪದ ಹಿಡಿಯದೆ ತುಸು ಕಾಯುತ್ತಿದ್ದಳು. ಎಷ್ಟು ಹೇಳಿದರೂ ಆ ಕಾಯುವುದು ಹೋಗಲಿಲ್ಲ. ಹೋಗದಿದ್ದರೆ ಬೇಡ ಎಂದು ಆಮೇಲೆ ನಾನೇ ಬ್ಲೇಡು ಹಿಡಿದು ಕೂತೆ. ರೆಕಾರ್ಡಿಂಗಿನ ದೊಡ್ಡ ಸುರುಳಿ ಟೇಪಿನಲ್ಲಿ ಎಲ್ಲೆಲ್ಲಿ ಸುಮ್ಮನಿದ್ದಳೋ ಅಲ್ಲಲ್ಲಿ ಕತ್ತರಿಸಿ, ತುದಿಗೆ ತುದಿ ಅಂಟಿಸಿದೆ. ಗೇಣು ಗೇಣಿನ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ಗುಡಿಸಿ ಹೊರಗೆ ಹಾಕಿದೆ. ಮೊದಲ ದಿನದ ಟೇಪು ದಂಡವಾಗುವುದು ಬೇಡ ಎಂದು ಅದರ ಮೇಲೆಯೇ ಬೇರೆ ಯಾರದೋ ಭಜನೆ ಹಿಡಿದೆ.

ಕ್ಯಾಸೆಟ್ ಹೊರಗೆ ಬಂತು. ನಾನು ಬಯಸಿದಂತೆಯೇ ಇತ್ತು. ಮೊದಲಿನಿಂದ ಕೊನೆಯವರೆಗೆ ನೂರು ಸಲ ಕೇಳಿದ್ದೇನೆ, ಎಲ್ಲೂ ಬೆರಳಿಡಲು ಜಾಗವಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲ ಕಡೆಯ ಮದುವೆಗಳಲ್ಲಿ ಅದನ್ನೇ ಹಚ್ಚಿದರು. ಅರಿಷಿಣ ಬೀಸುವ ಶಾಸ್ತ್ರಕ್ಕೆ ಹೆಂಗಸರು ಬರೀ ಕಲ್ಲು ಮುಟ್ಟಿ ಕೈ ಮುಗಿದರೆ ಸಾಕು, ಹಾಡುವುದನ್ನು ಕ್ಯಾಸೆಟ್ ನೋಡಿಕೊಳ್ಳುತ್ತಿತ್ತು. ಹಾಡಿಕೆಗೆ ಈ ಇಬ್ಬರನ್ನು ಕರೆಯುವವರು ನಿಂತುಹೋದರು. ಇದೂ ನನ್ನ ಕಿವಿಗೆ ಬಿತ್ತು. ಹೊಗಳುವವರ ಗದ್ದಲದಲ್ಲಿ ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ಕಾಡವ್ವ ಒಮ್ಮೆ ಸಂತೆಗೆ ಬಂದಾಗ ಅಂಗಡಿಯಲ್ಲಿ ನಿಂತು ಕ್ಯಾಸೆಟ್ ಪೂರ್ತಿ ಕೇಳಿದಳು.

"ಚಲೋ ಬಂದೈತ್ರಿ," ಎಂದಳು. "ಎಲ್ಲೂ ತಪ್ಪಿಲ್ಲ."

ನಾನು ಹಿಗ್ಗಿದೆ. ಅವಳು ತನ್ನ ಪಾಲಿನ ಕ್ಯಾಸೆಟ್ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಎರಡು ಸಾವಿರದ ಆರರ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕ್ಯಾಸೆಟ್ಟುಗಳು ಒಂದು ಮೂಲೆಗೆ ಸರಿದು, ಮೊಬೈಲ್ ಕರೆನ್ಸಿ ಮುಂದಕ್ಕೆ ಬಂದಿತ್ತು. ಶ್ರಾವಣದ ಒಂದು ಬೆಳಿಗ್ಗೆ ಕಾಡವ್ವನ ಮಗ ಸುಭಾಸ ಫೋನ್ ಮಾಡಿದ.

"ಅವ್ವ ತೀರಿಕೊಂಡ್ಳ್ರಿ ರಾಯರ. ಮಣ್ಣು ಸಂಜೀಕ. ಆಕಿ ಪದ ಹಚ್ಚಬೇಕಂತಾರ ಎಲ್ಲಾರೂ. ನಮ್ಮ ಕ್ಯಾಸೆಟ್ ಸಿಕ್ಕೊಂಡು ಹರದೈತಿ. ನಿಮ್ಮ ಕಡೆ ಇದ್ರ ತಗೊಂಡು ಬರ್ರಿ."

ನನ್ನ ಬಳಿ ಒಂದು ಹೊಸ ಪ್ರತಿ ಇತ್ತು. ಸೆಲ್ಲು ಹಾಕಿದ ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋದೆ.

ಅವರ ಪದ್ಧತಿಯಂತೆ ಕಾಡವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಹೊಸ ಸೀರೆ, ಕೊರಳಿಗೆ ಮಾಲೆ. ಶಟ್ಟೆವ್ವ ಬೇರೆ ಹೆಂಗಸರ ಸಾಲಿನಲ್ಲಿ ಕೂತಿರಲಿಲ್ಲ. ಹೆಣದ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ನಾನು ಅವಳ ಪಕ್ಕದಲ್ಲಿ ಟೇಪ್ ಇಟ್ಟೆ. ಅವಳು ನನ್ನ ಕಡೆ ನೋಡದೆಯೇ ಮಾತಾಡಿದಳು.

"ಕ್ಯಾಸೆಟ್ ಆದಮ್ಯಾಲ ಆಕಿ ಕಲ್ಲಿಗಿ ಕುಂಡ್ರಲಿಲ್ರಿ ರಾಯರ. ಒಂಬತ್ತ ವರ್ಷ ಆತು. ನಾ ಎಷ್ಟ ಸಲ ಕರದೆ. ಬರಲಿಲ್ಲ. ನನಗೇನ ಸಿಟ್ಟ ಇರಲಿಲ್ಲ, ಆಕಿಗಿ ನಾಚಿಕಿ."

ಅದು ಯಾರು ಪಡಬೇಕಾಗಿದ್ದ ನಾಚಿಕೆ ಎಂದು ನನಗೆ ಗೊತ್ತಿತ್ತು.

"ಇವತ್ತರ ಎರಡ ಪದ ಅನಬೇಕಂತ ಮುಂಜಾನಿಯಿಂದ ಕುಂತೇನಿ. ಆಕೀವು ಎರಡ ಸಾಲ ಇಲ್ಲದ ನನಗ ಶುರೂನ ಆಗವಲ್ದು. ಹಚ್ಚರಿ. ಆಕಿ ಅಂದ್ರ ನಾ ಅಂತೇನಿ."

ಹಚ್ಚಿದೆ. ಕಾಡವ್ವನ ದನಿ ಪಡಸಾಲೆಯ ತುಂಬ ಹರಡಿತು. ಅಳುತ್ತಿದ್ದವರು ಸುಮ್ಮನಾದರು. ಎರಡು ಸಾಲು ಮುಗಿಯುತ್ತಲೇ ಶಟ್ಟೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಪದ್ಮಜಾಳ ದನಿ, ತಾಳಕ್ಕೆ ಸರಿಯಾಗಿ, ಆ ಸಾಲನ್ನು ಹೇಳಿ ಮುಗಿಸಿತು. ಅದರ ಬೆನ್ನಿಗೇ ಕಾಡವ್ವ ಮುಂದಿನ ಪದ ಎತ್ತಿಕೊಂಡಳು. ಶಟ್ಟೆವ್ವ ಬಾಯಿ ಮುಚ್ಚಿದಳು. ಎರಡನೆಯ ಪದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ನಾನು ದನಿಯ ತಿರುಪು ಹಿಡಿದು ಪದ್ಮಜಾಳ ಸಾಲನ್ನು ಅಡಗಿಸಿದೆ. ಶಟ್ಟೆವ್ವ ಶುರು ಮಾಡಿದಳು. ಅರ್ಧ ಸಾಲಿಗೆ ಬರುವಷ್ಟರಲ್ಲಿ ಕಾಡವ್ವ ಅವಳ ಮೇಲೆ ಹಾಯ್ದು ಮುಂದೆ ಹೋದಳು.

"ಆಕಿ ಹಿಂಗ ಗಡಿಬಿಡಿ ಮಾಡಾಕಿ ಅಲ್ರಿ," ಎಂದಳು ಶಟ್ಟೆವ್ವ. "ನನಗ ನಿಂದ್ರಾಕಿ. ಇದರಾಗ ನನಗ ಜಾಗಾನ ಇಲ್ಲಲ್ರಿ."

ಅಲ್ಲಿದ್ದವರಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ಆ ಜಾಗವನ್ನು ಕತ್ತರಿಸಿ ಹೊರಗೆ ಹಾಕಿದವನು ನಾನು. ಒಂಬತ್ತು ವರ್ಷ ಹೆಮ್ಮೆಯಿಂದ ತಲೆಯ ಮೇಲೆ ಹೊತ್ತು ತಿರುಗಿದ್ದೂ ಹಾಗೆ ಕತ್ತರಿಸಿದ ಟೇಪನ್ನೇ. ಬಾಯಿ ಬಿಟ್ಟು ಹೇಳಿಬಿಡಬೇಕು ಅನ್ನಿಸಿತು.

"ಆಕಿ ನಿಂತಿದ್ದಳು, ಶಟ್ಟೆವ್ವಾರ," ಎಂದೆ. "ಎಲ್ಲಾ ಪದಕ್ಕೂ ನಿಮ್ಮ ಸಲುವಾಗಿ ನಿಂತಿದ್ದಳು. ಬ್ಯಾಡ ಅಂದರೂ ಕೇಳಲಿಲ್ಲ. ನಾನೇ ತೆಗದು ಹಾಕೀನಿ. ನಿಮ್ಮ ಟೇಪೂ ಕೆಟ್ಟಿರಲಿಲ್ಲ."

ಅವಳು ಈಗ ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ತಿರುಗಿ ಕಾಡವ್ವನ ಮುಖ ನೋಡಿದಳು, ಮುಂದೆ ಬಾಗಿ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ನಿಂತಿದ್ದೇನ ಕಾಡಕ್ಕಾ," ಎಂದಳು.

ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಈಗ ನೀವ ನಿಂದ್ರಸ್ರಿ."

ಅಂದಿನಿಂದ ಆ ಕ್ಯಾಸೆಟ್ಟನ್ನು ಯಾರಿಗೂ ಮಾರಿಲ್ಲ. ಆದರೆ ಆ ಮಧ್ಯಾಹ್ನ ಅದನ್ನು ನಡೆಸಿದ ಹಾಗೆ ಯಾವ ಕ್ಯಾಸೆಟ್ಟನ್ನೂ ನಾನು ಜನ್ಮದಲ್ಲಿ ನಡೆಸಿಲ್ಲ. ನೆಲದ ಮೇಲೆ ಮಂಡಿಯೂರಿ ಕೂತು, ಕಾಡವ್ವನ ಎರಡನೆಯ ಸಾಲು ಮುಗಿದೊಡನೆ ಟೇಪ್ ನಿಲ್ಲಿಸುತ್ತಿದ್ದೆ. ಶಟ್ಟೆವ್ವನ ಬಲಗೈ ಪಕ್ಕಕ್ಕೆ ಹೋಗಿ, ಇಲ್ಲದ ಮೊರದಿಂದ ಇಲ್ಲದ ಕಾಳು ತರುತ್ತಿತ್ತು. ಒಂದು ಏದುಸಿರು. ಆಮೇಲೆ ಸಾಲು, ಇಳಿದ ಸ್ವರದಲ್ಲಿ, ಹಲ್ಲಿಲ್ಲದ ಬಾಯಲ್ಲಿ. ಅದು ಮುಗಿದ ಮೇಲೆ ಪದ್ಮಜಾಳ ಸಾಲನ್ನು ದನಿಯಿಲ್ಲದೆ ದಾಟಿಸಿ ಮುಂದಿನ ಪದ ಬಿಡುತ್ತಿದ್ದೆ. ಮೊದಮೊದಲು ನಿಲ್ಲಿಸುವುದು ಹಿಂದುಮುಂದಾಯಿತು. ಆಮೇಲೆ ಕೈಗೆ ಬಂತು. ಅರವತ್ತು ನಿಮಿಷದ ಕ್ಯಾಸೆಟ್ ಮೂರು ತಾಸಾದರೂ ಮುಗಿದಿರಲಿಲ್ಲ. ಹೊರಗೆ ಹೆಣ ಹೊರುವ ವಿಮಾನ ಕಟ್ಟಿ ಮುಗಿಸಿದವರು ಬಾಗಿಲಲ್ಲಿ ಬಂದು ನಿಂತರು, ಯಾರೂ ಹೊತ್ತಾಯಿತು ಎನ್ನಲಿಲ್ಲ.

ಬಿ ಸೈಡಿನ ಕೊನೆಯ ಕಡೆ ಈ ಪದ ಬಂತು.

ತವರೂರ ಹಾದ್ಯಾಗ ತಂಗಾಳಿ ಬೀಸಿದರ
ಅವರ್ಯಾರೂ ಇಲ್ಲ ಕರಿಯಾಕ, ನೆಗೆಣ್ಣಿ

ನಿಲ್ಲಿಸಿದೆ. ಶಟ್ಟೆವ್ವನ ಕೈ ಕಾಳಿಗೆ ಹೋಗಲಿಲ್ಲ. ಕಾಡವ್ವನ ಕೈ ಹಿಡಿದು ಹಾಗೇ ಕೂತಿದ್ದಳು. ಎಷ್ಟು ಹೊತ್ತು ಕೂತಿದ್ದಳೋ ತಿಳಿಯದು. ನಾನು ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಅವಳು ದಿನವಿಡೀ ಕೂತರೂ ನಾನು ತೆಗೆಯುತ್ತಿರಲಿಲ್ಲ.

ಅವರಿಲ್ಲದಿದ್ರ ನಾ ಅದೀನಿ.

ಹಾಡಿ ಮುಗಿಸಿ, ಸೆರಗಿನಿಂದ ಕಾಡವ್ವನ ಕೆನ್ನೆಯ ಮೇಲೆ ಜಾರಿದ್ದ ವಿಭೂತಿ ಒರೆಸಿದಳು. ಆಮೇಲೆ ನನಗೆ ಹೇಳಿದಳು.

"ಹಚ್ಚರಿ ರಾಯರ. ಆಕಿ ಕಾಯಾಕತ್ತಾಳ."